ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆದಾರರಿಗೆ ಬರಬೇಕಾದ ಬಾಕಿ ಹಣದ ವಸೂಲಾತಿ

ಸರಕು ಸರಬರಾಜು ಮಾಡಿ ಅಥವಾ ಸೇವೆ ಒದಗಿಸಿ ತಿಂಗಳುಗಳು ಕಳೆದರೂ ಖರೀದಿದಾರರಿಂದ ಹಣ ಬಾರದಿರುವುದು ಸಣ್ಣ ಉದ್ದಿಮೆದಾರರ ಬಹುದಿನದ ಸಮಸ್ಯೆಯಾಗಿದೆ. ಬ್ಯಾಂಕಿನ ಸಾಲದ ಬಡ್ಡಿ, ಕಾರ್ಮಿಕರ ವೇತನ ಮತ್ತು ಕಚ್ಚಾ ಸಾಮಗ್ರಿಯ ಬಿಲ್ಲುಗಳು ಕಾಯುವುದಿಲ್ಲ. ಈ ಕಾರಣದಿಂದ ಲಾಭದಲ್ಲಿರುವ ಘಟಕವೂ ದುಡಿಯುವ ಬಂಡವಾಳವಿಲ್ಲದೆ ಮುಚ್ಚುವ ಸಂಭವವಿರುತ್ತದೆ. ಇದಕ್ಕೆ ಪರಿಹಾರವಾಗಿ 2006ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ 15ರಿಂದ 24ನೇ ಪ್ರಕರಣಗಳಲ್ಲಿ ವಿಶೇಷ ಅವಕಾಶ ಕಲ್ಪಿಸಲಾಗಿದೆ.

ಯಾರು ಅರ್ಹರು

ಈ ರಕ್ಷಣೆಯು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಮಾತ್ರ ದೊರೆಯುತ್ತದೆ. ಮಧ್ಯಮ ಉದ್ದಿಮೆಗಳಿಗೆ ಇಲ್ಲ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪರಿಷ್ಕೃತ ಮಿತಿಯಂತೆ, ಯಂತ್ರೋಪಕರಣಗಳ ಮೇಲಿನ ಹೂಡಿಕೆ ರೂ. 2.5 ಕೋಟಿ ಹಾಗೂ ವಾರ್ಷಿಕ ವಹಿವಾಟು ರೂ. 10 ಕೋಟಿ ಮೀರದ ಉದ್ದಿಮೆಯು ಸೂಕ್ಷ್ಮ ವರ್ಗಕ್ಕೆ ಸೇರುತ್ತದೆ. ಹೂಡಿಕೆ ರೂ. 25 ಕೋಟಿ ಹಾಗೂ ವಹಿವಾಟು ರೂ. 100 ಕೋಟಿ ಮೀರದ ಉದ್ದಿಮೆಯು ಸಣ್ಣ ವರ್ಗಕ್ಕೆ ಸೇರುತ್ತದೆ. ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳು 2021ರ ಜುಲೈನಿಂದ ಉದ್ಯಮ್ ನೋಂದಣಿ ಪಡೆಯಬಹುದಾದರೂ, ಆ ನೋಂದಣಿಯ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತವಾಗಿದೆ. ಈ ಅಂಶವನ್ನು ಗಮನಿಸದೆ ಅರ್ಜಿ ಸಲ್ಲಿಸಿ ನಿರಾಶರಾಗುವುದು ಬೇಡ.

ಉದ್ಯಮ್ ನೋಂದಣಿಯು 2020ರ ಜುಲೈ 1ರಿಂದ ಆರಂಭವಾಗಿದ್ದು, ಸರ್ಕಾರದ ತಾಣದಲ್ಲಿ ಸಂಪೂರ್ಣ ಉಚಿತವಾಗಿದೆ. ಆಧಾರ್ ಮತ್ತು ಪ್ಯಾನ್ ಸಂಖ್ಯೆ, ಅನ್ವಯವಾಗುವವರಿಗೆ ಜಿಎಸ್‌ಟಿ ಸಂಖ್ಯೆ ಸಾಕು. ಶುಲ್ಕ ಕೇಳುವ ಖಾಸಗಿ ತಾಣಗಳ ಬಗ್ಗೆ ಎಚ್ಚರಿಕೆ ವಹಿಸತಕ್ಕದ್ದು. ಹಣ ನಿಂತ ನಂತರ ನೋಂದಣಿ ಮಾಡಿಸೋಣವೆಂದು ಮುಂದೂಡುವವರು ಅನೇಕರು. ಸರಬರಾಜಿನ ನಂತರ ಪಡೆದ ನೋಂದಣಿಯು ಹಿಂದಿನ ವ್ಯವಹಾರಕ್ಕೆ ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2021 ಮತ್ತು 2022ರ ತೀರ್ಪುಗಳಲ್ಲಿ ಹೇಳಿದೆ. ಈ ವಿಷಯವು 2025ರಲ್ಲಿ ವಿಸ್ತೃತ ಪೀಠಕ್ಕೆ ಒಪ್ಪಿಸಲ್ಪಟ್ಟಿದ್ದರೂ, ಮೊದಲ ಬಿಲ್ಲಿಗೆ ಮುಂಚೆಯೇ ನೋಂದಣಿ ಪಡೆಯುವುದು ಕ್ಷೇಮಕರ.

ಪಾವತಿಯ ಅವಧಿ ಮತ್ತು ಬಡ್ಡಿ

ಲಿಖಿತ ಒಪ್ಪಂದವಿದ್ದಲ್ಲಿ ಅದರಲ್ಲಿ ಹೇಳಿದ ದಿನಾಂಕದೊಳಗೆ ಖರೀದಿದಾರರು ಹಣ ಪಾವತಿಸತಕ್ಕದ್ದು. ಆದರೆ ಆ ಅವಧಿಯು ಸರಕು ಸ್ವೀಕರಿಸಿದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದದಲ್ಲಿ 90 ಅಥವಾ 120 ದಿನ ಎಂದು ಬರೆಸಿಕೊಂಡಿದ್ದರೂ ಕಾಯ್ದೆಯ ಮಿತಿಯೇ ಅನ್ವಯಿಸುತ್ತದೆ. ಲಿಖಿತ ಒಪ್ಪಂದವಿಲ್ಲದಿದ್ದಲ್ಲಿ ಅವಧಿ 15 ದಿನ ಮಾತ್ರ. ಸರಕಿನ ಗುಣಮಟ್ಟದ ಬಗ್ಗೆ ಖರೀದಿದಾರರು 15 ದಿನಗಳೊಳಗೆ ಬರಹದಲ್ಲಿ ಆಕ್ಷೇಪಿಸದಿದ್ದರೆ, ಸರಕನ್ನು ತಲುಪಿಸಿದ ದಿನವೇ ಅದು ಸ್ವೀಕೃತವಾಗಿದೆ ಎಂದು ಪರಿಗಣಿಸಲಾಗುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದು, ಹಣ ಕೇಳಿದಾಗ ಮಾತ್ರ ದೋಷ ಹೇಳುವವರಿಗೆ ಈ ನಿಯಮವೇ ಉತ್ತರ.

ವಿಳಂಬವಾದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳಿಗೊಮ್ಮೆ ಚಕ್ರಬಡ್ಡಿಯ ಲೆಕ್ಕದಲ್ಲಿ ಕೊಡಬೇಕಾಗುತ್ತದೆ. ಬ್ಯಾಂಕ್ ದರ ಶೇ. 6 ಎಂದು ಭಾವಿಸಿದರೆ ಬಡ್ಡಿ ಶೇ. 18 ಆಗುತ್ತದೆ. ಈ ದರದಲ್ಲಿ ರೂ. 4,00,000 ಬಾಕಿಯು ಒಂದು ವರ್ಷ ಉಳಿದರೆ ಬಡ್ಡಿಯೇ ಸುಮಾರು ರೂ. 78,247. ಈ ಬಡ್ಡಿಯನ್ನು ಖರೀದಿದಾರರು ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ಕಳೆಯುವಂತಿಲ್ಲ.

2023ರ ಹಣಕಾಸು ಕಾಯ್ದೆಯಿಂದ ಇನ್ನೊಂದು ಬಿಗಿ ಬಂದಿದೆ. ಅವಧಿ ಮೀರಿದ ಮೊತ್ತವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರೀದಿದಾರರು ಖರ್ಚಾಗಿ ತೋರಿಸಬಹುದು. ಈ ಕಾರಣಕ್ಕೆ ನೋಂದಣಿಯನ್ನೇ ರದ್ದುಪಡಿಸಿಕೊಳ್ಳುವಂತೆ ಯಾರಾದರೂ ಒತ್ತಾಯಿಸಿದಲ್ಲಿ ಉದ್ದಿಮೆದಾರರು ಅದಕ್ಕೆ ಒಪ್ಪುವುದು ಹಿತಕರವಲ್ಲ.

ಅರ್ಜಿ ಸಲ್ಲಿಸುವ ವಿಧಾನ

ಬಾಕಿ ಉಳಿಸಿಕೊಂಡವರು ಖಾಸಗಿ ಕಂಪನಿಯಾಗಿರಲಿ, ಸಾರ್ವಜನಿಕ ಉದ್ದಿಮೆ ಅಥವಾ ಸರ್ಕಾರಿ ಇಲಾಖೆಯಾಗಿರಲಿ, ರಾಜ್ಯದ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಫೆಸಿಲಿಟೇಷನ್ ಕೌನ್ಸಿಲ್‌ಗೆ ಅರ್ಜಿ ಸಲ್ಲಿಸಬಹುದು. ಖರೀದಿದಾರರು ಬೇರೆ ರಾಜ್ಯದವರಾದರೂ, ಸರಬರಾಜುದಾರರ ಘಟಕವಿರುವ ರಾಜ್ಯದ ಕೌನ್ಸಿಲ್‌ಗೇ ವ್ಯಾಪ್ತಿಯಿದೆ. ಆನ್‌ಲೈನ್ ಅರ್ಜಿಗಾಗಿ ಕೇಂದ್ರ ಸರ್ಕಾರವು 2017ರ ಅಕ್ಟೋಬರ್‌ನಲ್ಲಿ ಸಮಾಧಾನ್ ತಾಣವನ್ನು ತೆರೆಯಿತು. 2025ರ ಜೂನ್ 27ರಂದು ಆನ್‌ಲೈನ್ ವಿವಾದ ಪರಿಹಾರ ತಾಣಕ್ಕೂ ಚಾಲನೆ ದೊರೆಯಿತು.

ಅರ್ಜಿಯ ಬಲವಿರುವುದು ದಾಖಲೆಗಳಲ್ಲಿ. ಖರೀದಿ ಆದೇಶ, ಇನ್‌ವಾಯ್ಸ್, ಸರಕು ತಲುಪಿದ್ದಕ್ಕೆ ಸಹಿ ಇರುವ ಡೆಲಿವರಿ ಚಲನ್, ಖಾತೆಯ ವಿವರ ಮತ್ತು ಹಣ ಕೇಳಿ ಬರೆದ ಪತ್ರಗಳನ್ನು ಲಗತ್ತಿಸತಕ್ಕದ್ದು. ದೂರವಾಣಿಯಲ್ಲಿ ಆರ್ಡರ್ ಪಡೆಯುವ ರೂಢಿ ಜಾಬ್ ವರ್ಕ್ ಘಟಕಗಳಲ್ಲಿ ಹೆಚ್ಚು. ಅಂಥವರು ಕನಿಷ್ಠ ಒಂದು ಇ-ಮೇಲ್ ಮೂಲಕವಾದರೂ ಆರ್ಡರನ್ನು ಖಚಿತಪಡಿಸಿಕೊಳ್ಳಬೇಕು. ಗ್ರಾಹಕರನ್ನು ಕಳೆದುಕೊಳ್ಳುವ ಅಂಜಿಕೆಯಿಂದ ವರ್ಷಗಟ್ಟಲೆ ಸುಮ್ಮನಿರುವುದೂ ಅಪಾಯಕರ. ಮಧ್ಯಸ್ಥಿಕೆಯ ಹಂತಕ್ಕೆ ಕಾಲಮಿತಿ ಕಾಯ್ದೆ ಅನ್ವಯಿಸುತ್ತದೆಂದು 2021ರಲ್ಲೇ ತೀರ್ಪಾಗಿರುವುದರಿಂದ, ಬಾಕಿಯು ಮೂರು ವರ್ಷ ಹಳೆಯದಾಗುವ ಮೊದಲೇ ಅರ್ಜಿ ಸಲ್ಲಿಸತಕ್ಕದ್ದು.

ಕೌನ್ಸಿಲ್ ಮೊದಲು ರಾಜಿ ಸಂಧಾನಕ್ಕೆ ಪ್ರಯತ್ನಿಸುತ್ತದೆ. ಅದು ಫಲಿಸದಿದ್ದಲ್ಲಿ ಮಧ್ಯಸ್ಥಿಕೆ ನಡೆದು ಐತೀರ್ಪು ಹೊರಡುತ್ತದೆ. ಪ್ರಕರಣವನ್ನು 90 ದಿನಗಳೊಳಗೆ ತೀರ್ಮಾನಿಸಬೇಕೆಂದು ಕಾಯ್ದೆ ಹೇಳುತ್ತದೆ. ದಾಖಲೆ ಅಪೂರ್ಣವಾಗಿದ್ದರೆ ವಿಳಂಬ ಅನಿವಾರ್ಯ. ಐತೀರ್ಪನ್ನು ರದ್ದುಪಡಿಸಲು ನ್ಯಾಯಾಲಯಕ್ಕೆ ಹೋಗುವ ಖರೀದಿದಾರರು ಅದರ ಮೊತ್ತದ ಶೇ. 75ನ್ನು ಮೊದಲು ಠೇವಣಿ ಇಡಬೇಕಾಗುತ್ತದೆ. ಪ್ರಕರಣ ಬಾಕಿಯಿರುವಾಗಲೇ ಆ ಠೇವಣಿಯಿಂದ ಸೂಕ್ತ ಭಾಗವನ್ನು ಸರಬರಾಜುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಹೆಚ್ಚಿನ ಮಾಹಿತಿಗಾಗಿ ಆಯಾ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರ ಕಚೇರಿಯನ್ನು ಉದ್ಯಮ್ ಪ್ರಮಾಣಪತ್ರ ಮತ್ತು ಬಾಕಿ ಬಿಲ್ಲುಗಳ ಪ್ರತಿಯೊಂದಿಗೆ ಸಂಪರ್ಕಿಸಬಹುದು.