ಬಳುವಳಿಯ ದ್ವೀಪಗಳು: ಅಂಜದೀವದಿಂದ ಮುಂಬಯಿಗೆ

ಸೀವುಡ್ಸ್ ನಿಲ್ದಾಣದಿಂದ ಹೊರಟು, ಕರಾವೆ ಗ್ರಾಮವನ್ನು ಹಾದು, ಪಾಮ್ ಬೀಚ್ ರಸ್ತೆಯನ್ನು ದಾಟಿದರೆ ಎತ್ತರದ ಕಟ್ಟಡಗಳ ಸಾಲು ಮುಗಿದು ಕಾಂಡ್ಲಾ ಪೊದೆಗಳು ಮೊದಲಾಗುತ್ತವೆ. ಇಳಿತದ ಹೊತ್ತಿನಲ್ಲಿ ಖಾಡಿಯ ನೀರು ಹಿಂದೆ ಸರಿದು ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಚಳಿಗಾಲವಾದರೆ ಅಲ್ಲಿ ಫ್ಲೆಮಿಂಗೋ ಹಕ್ಕಿಗಳ ಹಿಂಡು. ಆಚೆ ದಡದಲ್ಲಿ ತುರ್ಭೆಯ, ಅಂದರೆ ಟ್ರಾಂಬೆಯ, ಗುಡ್ಡ. ಅದೂ ಒಂದು ಕಾಲಕ್ಕೆ ದ್ವೀಪವೇ. ನಮ್ಮ ಬಳಗದವರು ಭಾನುವಾರ ಮುಂಜಾನೆ ಅಲ್ಲಿ ನಿಂತಾಗಲೆಲ್ಲ ಉತ್ತರ ಕನ್ನಡದಿಂದ ಬಂದವರ ಬಾಯಲ್ಲಿ ಒಂದೇ ಮಾತು: ಇದು ನಮ್ಮ ಕಾಳಿ, ಅಘನಾಶಿನಿಗಳ ಅಳಿವೆಯಂತೆಯೇ ಇದೆ. ಹೋಲಿಕೆ ಕೇವಲ ಕಣ್ಣಿನದಲ್ಲ. ಈ ದ್ವೀಪಗಳ ಚರಿತ್ರೆಯೂ ಕಾರವಾರದ ಕಡಲ ಚರಿತ್ರೆಯೂ ಒಮ್ಮೆ ಗಟ್ಟಿಯಾಗಿ ಹೆಣೆದುಕೊಂಡಿದ್ದವು. ಆ ಗಂಟನ್ನು ಬಿಚ್ಚಿ ನೋಡುವ ಪ್ರಯತ್ನವಿದು.

ಇಂದು ನಾವು ಮುಂಬಯಿ ಎಂದು ಕರೆಯುವ ಉದ್ದನೆಯ ಭೂಭಾಗ ಏಳು ದ್ವೀಪಗಳಾಗಿತ್ತೆಂಬುದು ಎಲ್ಲರಿಗೂ ತಿಳಿದದ್ದೇ: ಕೊಲಾಬಾ, ಅದರ ಪಕ್ಕದ ಪುಟ್ಟ ದ್ವೀಪ, ಮುಂಬಯಿ, ಮಜಗಾಂವ್, ಪರೇಲ್, ವರ್ಳಿ, ಮಾಹೀಮ್. ಇವುಗಳ ಉತ್ತರಕ್ಕೆ ಸಾಷ್ಟಿ ಎಂಬ ದೊಡ್ಡ ದ್ವೀಪ. ಅದರ ಪೂರ್ವದಂಚಿನಲ್ಲಿ ಠಾಣೆ. ಅದಕ್ಕೂ ಉತ್ತರಕ್ಕೆ ವಸಯಿ. ಇಲ್ಲಿ ಕೋಳಿಗಳು ಮೀನು ಹಿಡಿಯುತ್ತಿದ್ದರು, ಆಗರಿಗಳು ಉಪ್ಪು ತೆಗೆದು ಭತ್ತ ಬೆಳೆಯುತ್ತಿದ್ದರು. ‘ಆಗರ’ ಎಂಬ ಪದ ನಮಗೂ ಹೊಸದಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ಕಂಡವರಿಗೆ ಆಗರಿ ಎಂಬ ಹೆಸರಿನ ಅರ್ಥ ಹೇಳಿಕೊಡಬೇಕಾಗಿಲ್ಲ.

ಈ ದ್ವೀಪಗಳ ಮೇಲೆ ಹೊರಗಿನ ಅರಸೊತ್ತಿಗೆ ಕಣ್ಣು ಹಾಕಿದ್ದು ಯುರೋಪಿಯನ್ನರು ಬಂದ ಮೇಲೆಯೇ ಎಂದು ಭಾವಿಸಿದರೆ ತಪ್ಪಾಗುತ್ತದೆ. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಎಣಿಸುವಾಗ, ಕೊಂಕಣದ ಮೌರ್ಯರನ್ನು ಮಣಿಸಿದ್ದನ್ನೂ, ಪಶ್ಚಿಮ ಸಮುದ್ರದ ಸಿರಿಯೆನಿಸಿದ್ದ ಪುರಿ ಎಂಬ ನಗರಿಯನ್ನು ನೂರಾರು ನೌಕೆಗಳಿಂದ ಮುತ್ತಿದ್ದನ್ನೂ ಬಣ್ಣಿಸುತ್ತಾನೆ. ಆ ಪುರಿ ನಮ್ಮ ನವಿ ಮುಂಬಯಿಯ ದಡದಾಚೆ ಇರುವ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರು, ಜಂಜೀರೆಯ ಬಳಿಯ ರಾಜಪುರಿ ಎಂದು ಇನ್ನು ಕೆಲವರು ವಾದಿಸಿದ್ದಾರೆ. ಪುಲಕೇಶಿಯ ಚಿಕ್ಕಪ್ಪ ಮಂಗಳೇಶನು ರೇವತೀದ್ವೀಪವನ್ನು ಗೆದ್ದ ಸಂಗತಿಯೂ ಅದೇ ಶಾಸನದಲ್ಲಿದೆ. ಮುಂದೆ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ಮೊದಲಿಗೆ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದರು. ಡೊಂಬಿವಲಿ, ಕಲ್ಯಾಣದವರಿಗೆ ಹತ್ತಿರದ ಅಂಬರನಾಥದ ದೇಗುಲ 1060ರಲ್ಲಿ ಅವರ ಕಾಲದಲ್ಲೇ ಆದದ್ದು. ರಾಜ್ಯೋತ್ಸವದ ವೇದಿಕೆಗಳಲ್ಲಿ ನಾವು ಪುಲಕೇಶಿಯ ನೌಕಾಬಲವನ್ನು ಹೆಮ್ಮೆಯಿಂದ ಸ್ಮರಿಸುತ್ತೇವೆ. ಆದರೆ ಶಾಸನ ಗೆದ್ದವನ ಕಡೆಯಿಂದ ಬರೆದದ್ದು. ಪುರಿಯ ದಡದಲ್ಲಿ ಬಲೆ ಒಣಹಾಕಿಕೊಂಡಿದ್ದವನಿಗೆ ಆ ನೂರಾರು ನೌಕೆಗಳು ಹೇಗೆ ಕಂಡಿರಬಹುದು? ಈ ಪ್ರಶ್ನೆಯನ್ನು ಪೋರ್ಚುಗೀಸರಿಗೂ ಇಂಗ್ಲಿಷರಿಗೂ ಕೇಳುವ ಮುನ್ನ ನಮಗೆ ನಾವೇ ಒಮ್ಮೆ ಕೇಳಿಕೊಳ್ಳುವುದು ಒಳಿತು.

1534ರ ಡಿಸೆಂಬರಿನಲ್ಲಿ ಗುಜರಾತಿನ ಸುಲ್ತಾನ ಬಹಾದ್ದೂರ್ ಷಾ, ಮೊಗಲ್ ಹುಮಾಯೂನನ ಭಯದಲ್ಲಿ ಪೋರ್ಚುಗೀಸರ ನೆರವು ಬಯಸಿ, ವಸಯಿಯನ್ನೂ ಅದಕ್ಕೆ ಸೇರಿದ ದ್ವೀಪಗಳನ್ನೂ ಅವರಿಗೆ ಬಿಟ್ಟುಕೊಟ್ಟನು. ಪೋರ್ಚುಗೀಸರು ಹಳ್ಳಿಗಳನ್ನು ತಮ್ಮವರಿಗೆ ಗುತ್ತಿಗೆಗೆ ಹಂಚಿದರು. ಮುಂಬಯಿ ದ್ವೀಪ ಹೀಗೆ ಗಾರ್ಸಿಯಾ ದ ಓರ್ತಾ ಎಂಬ ವೈದ್ಯನ ಪಾಲಿಗೆ ಬಂದಿತು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಔಷಧಸಸ್ಯಗಳ ಗ್ರಂಥದ ಕರ್ತೃ ಈತನೇ. ಘಾರಾಪುರಿಯ ದಡದಲ್ಲಿದ್ದ ಕಲ್ಲಾನೆಯನ್ನು ಕಂಡು ಅವರು ಆ ದ್ವೀಪಕ್ಕೆ ಎಲಿಫೆಂಟಾ ಎಂದರು. ಅಲ್ಲಿದ್ದ ಶಾಸನಶಿಲೆಯೊಂದನ್ನು ಓದಿಸಲೆಂದು ಪೋರ್ಚುಗಲ್ಲಿಗೆ ಸಾಗಿಸಿದರು. ಅದು ಮತ್ತೆ ಸಿಗಲೇ ಇಲ್ಲ. ಗುಹೆಯನ್ನು ಕಡೆಸಿದವರು ಯಾರೆಂಬ ವಾದ ಇಂದಿಗೂ ಮುಗಿಯದಿರುವುದಕ್ಕೆ ಆ ಒಂದು ಕಲ್ಲಿನ ನಷ್ಟವೂ ಕಾರಣ.

ಇನ್ನು ಮುಖ್ಯ ಪ್ರಸಂಗಕ್ಕೆ ಬರೋಣ. 1661ರ ಜೂನ್ 23ರಂದು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೂ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳಿಗೂ ವಿವಾಹ ಒಪ್ಪಂದವಾಯಿತು. ಬಳುವಳಿಯ ಪಟ್ಟಿಯಲ್ಲಿ ಮುಂಬಯಿಯೂ ಸೇರಿತ್ತು. ಅದನ್ನು ವಶಪಡಿಸಿಕೊಳ್ಳಲು ಅಬ್ರಹಾಂ ಶಿಪ್‌ಮನ್ ಎಂಬ ಅಧಿಕಾರಿ ಸುಮಾರು 400 ಸೈನಿಕರೊಡನೆ 1662ರ ಸೆಪ್ಟೆಂಬರಿನಲ್ಲಿ ಬಂದಿಳಿಯಬೇಕಾಗಿತ್ತು. ಆದರೆ ಪೋರ್ಚುಗೀಸ್ ವೈಸರಾಯ್ ಅಂತೋನಿಯೊ ದ ಮೆಲ್ಲೊ ದ ಕಾಸ್ತ್ರೊ ದ್ವೀಪವನ್ನು ಕೊಡಲೊಪ್ಪಲಿಲ್ಲ. ಸಾಷ್ಟಿ, ಠಾಣೆಗಳೂ ಬಳುವಳಿಯೊಳಗೆ ಸೇರಿವೆಯೆಂದು ಇಂಗ್ಲಿಷರು; ಮುಂಬಯಿ ದ್ವೀಪವೊಂದೇ ಎಂದು ಪೋರ್ಚುಗೀಸರು. ಸೂರತ್ತಿನಲ್ಲಿದ್ದ ಕಂಪನಿಯ ಅಧ್ಯಕ್ಷ ಜಾರ್ಜ್ ಆಕ್ಸೆಂಡನ್, ಮೊಗಲರು ಮುನಿದಾರೆಂದು ಈ ದಂಡನ್ನು ಅಲ್ಲಿಯೂ ಇಳಿಸಗೊಡಲಿಲ್ಲ. ಹೋಗಲು ನೆಲೆಯಿಲ್ಲದ ದಂಡು ಕೊನೆಗೆ ತಂಗಿದ್ದು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ.

ಬಿಣಗಾ ತೀರದಿಂದ ಕಣ್ಣಳತೆಯಲ್ಲೇ ಇರುವ ಪುಟ್ಟ ನೆಲ ಅದು. 1498ರಲ್ಲಿ ವಾಸ್ಕೊ ಡ ಗಾಮಾ ಅಲ್ಲಿ ಹಡಗು ನಿಲ್ಲಿಸಿದ್ದನು. 1505ರಲ್ಲಿ ಆಲ್ಮೇಡಾ ಕೋಟೆ ಕಟ್ಟಿಸತೊಡಗಿ, ಮರುವರ್ಷವೇ ಪೋರ್ಚುಗೀಸರು ಅದನ್ನು ಕೈಬಿಟ್ಟಿದ್ದರು. ಅಲ್ಲಿನ ಆರ್ಯಾದುರ್ಗೆಯನ್ನು ಭಕ್ತರು ಅಂಕೋಲೆಯ ಕಡೆಗೆ ತಂದು ನೆಲೆಗೊಳಿಸಿದರೆಂಬ ಐತಿಹ್ಯ ಇಂದಿಗೂ ಜೀವಂತವಾಗಿದೆ. ದೇವಿಯೂ ತೊರೆದುಹೋದ ಆ ದ್ವೀಪದಲ್ಲಿ ಇಂಗ್ಲಿಷ್ ಸೈನಿಕರು ಎರಡು ಮಳೆಗಾಲಗಳನ್ನು ಕಳೆದರು. ನಮ್ಮ ಕರಾವಳಿಯ ಮಳೆಗಾಲವೆಂದರೆ ಏನೆಂದು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಜ್ವರ, ಆಮಶಂಕೆ, ಅರೆಹೊಟ್ಟೆ. 1664ರಲ್ಲಿ ಶಿಪ್‌ಮನ್ ಅಲ್ಲಿಯೇ ತೀರಿಕೊಂಡನು. ಕಡೆಗೆ ಉಳಿದವರು ನೂರಕ್ಕೆ ಸ್ವಲ್ಪ ಮೇಲೆ. ಅವರನ್ನು ಕಟ್ಟಿಕೊಂಡು ಹಂಫ್ರಿ ಕುಕ್ ಎಂಬಾತ 1665ರ ಫೆಬ್ರವರಿ 18ರಂದು ಮುಂಬಯಿಯನ್ನು ವಶಕ್ಕೆ ಪಡೆದನು. ಇಂಗ್ಲಿಷರು ಮುಂಬಯಿಯಲ್ಲಿ ನೆಲೆಸಿದ ದಿನವೇ ಭಾರತ ನಮ್ಮ ಕೈತಪ್ಪುತ್ತದೆ ಎಂಬ ಅರ್ಥದಲ್ಲಿ ವೈಸರಾಯ್ ತನ್ನ ದೊರೆಗೆ ಬರೆದದ್ದು ಆಗಲೇ.

ಇಷ್ಟೊಂದು ಹೆಣಗಳ ಮೇಲೆ ದಕ್ಕಿದ ದ್ವೀಪ ದೊರೆಗೆ ಭಾರವೆನಿಸಿತು. 1668ರ ಮಾರ್ಚ್ 27ರ ಸನದಿನ ಮೂಲಕ ಅವನು ಅದನ್ನು ವರ್ಷಕ್ಕೆ 10 ಪೌಂಡು ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದನು. 1672ರಲ್ಲಿ ಗವರ್ನರ್ ಜೆರಾಲ್ಡ್ ಆಂಜಿಯರ್, ವರ್ಷಕ್ಕೆ 20,000 ಷೆರಾಫಿನ್ ಕಾಣಿಕೆಗೆ ಭೂಮಾಲೀಕರ ಹಕ್ಕುಗಳನ್ನು ಖಾಯಂಗೊಳಿಸುವ ಕರಾರು ಮಾಡಿಕೊಂಡನು. 1534ರಿಂದ 1668ರವರೆಗಿನ ನೂರ ಮೂವತ್ತನಾಲ್ಕು ವರ್ಷಗಳ ಅವಧಿಯಲ್ಲಿ ಸುಲ್ತಾನ, ಪೋರ್ಚುಗಲ್, ಇಂಗ್ಲೆಂಡಿನ ದೊರೆ, ಕಂಪನಿ ಎಂದು ಈ ನೆಲ ಕೈಯಿಂದ ಕೈಗೆ ದಾಟಿತು. ಒಂದು ಸಲವೂ ಅಲ್ಲಿ ವಾಸವಿದ್ದವರನ್ನು ಕೇಳಿದವರಿಲ್ಲ.

ಸಾಷ್ಟಿಯ ಕಥೆ ಬೇರೆ ದಾರಿಯಲ್ಲಿ ಸಾಗಿತು. 1737ರಲ್ಲಿ ಮರಾಠರು ಠಾಣೆಯನ್ನೂ, 1739ರಲ್ಲಿ ಚಿಮಾಜಿ ಅಪ್ಪಾ ವಸಯಿಯನ್ನೂ ಗೆದ್ದರು. 1774ರ ಕೊನೆಯಲ್ಲಿ ಇಂಗ್ಲಿಷರು ಠಾಣೆಯ ಕೋಟೆಯನ್ನು ಹಿಡಿದರು. 1782ರ ಸಾಲಬಾಯಿ ಒಪ್ಪಂದ ಸಾಷ್ಟಿಯನ್ನು ಅವರಿಗೆ ಭದ್ರಪಡಿಸಿತು. ಅಷ್ಟರಲ್ಲಿ ದ್ವೀಪಗಳ ನಡುವಿನ ನೀರನ್ನೇ ಅಳಿಸುವ ಕೆಲಸ ಆರಂಭವಾಗಿತ್ತು. ಗವರ್ನರ್ ಹಾರ್ನ್‌ಬಿಯ ಕಾಲದಲ್ಲಿ ವರ್ಳಿಯ ಬಳಿ ಕಡಲು ನುಗ್ಗುತ್ತಿದ್ದ ಬಾಯಿಯನ್ನು ಒಡ್ಡಿನಿಂದ ಮುಚ್ಚಿದರು. 1838ರಲ್ಲಿ ಕೊಲಾಬಾ ಕೂಡಿತು. 1845ರಲ್ಲಿ ಅವಾಬಾಯಿ ಜಮ್‌ಷೇಟ್‌ಜಿಯವರ ದಾನದಿಂದ ಮಾಹೀಮಿನ ಸೇತುಮಾರ್ಗವಾಯಿತು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಓಡುವ ಹೊತ್ತಿಗೆ ದ್ವೀಪವೆಂಬುದು ಕೇವಲ ಹೆಸರಿನಲ್ಲಿ ಉಳಿದಿತ್ತು.

ಆಮೇಲೆ ಚರಿತ್ರೆ ವಿಚಿತ್ರವಾಗಿ ತಿರುಗಿತು. ಅಂಜದೀವದಲ್ಲಿ ಕಾದು ಕುಳಿತು ಮುಂಬಯಿಗೆ ಹೋದ ಅಧಿಕಾರ ಎರಡು ಶತಮಾನಗಳ ಬಳಿಕ ಮುಂಬಯಿಯಿಂದ ಕಾರವಾರಕ್ಕೆ ಮರಳಿತು. ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿಗೆ ಬರ ಬಂದಾಗ, ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಬೇಕೆಂಬ ವರ್ತಕರ ಒತ್ತಾಯ ಬಲಿತು, 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಬೆಳಗಾವಿ, ಧಾರವಾಡ, ವಿಜಾಪುರಗಳು ಮೊದಲೇ ಅಲ್ಲಿದ್ದವು. 1956ರವರೆಗೆ ಈ ಕನ್ನಡ ಜಿಲ್ಲೆಗಳಿಗೆ ರಾಜಧಾನಿಯೆಂದರೆ ಮುಂಬಯಿಯೇ. ನಮ್ಮಲ್ಲಿ ಅನೇಕರ ಹಿರಿಯರು ಇಲ್ಲಿಗೆ ಬಂದಾಗ ಅವರು ಹೊರನಾಡಿಗೆ ಬಂದಿರಲಿಲ್ಲ; ತಮ್ಮ ಪ್ರಾಂತ್ಯದ ಊರಿಗೇ ಬಂದಿದ್ದರು.

ಅಂಜದೀವ ಮಾತ್ರ ಪೋರ್ಚುಗೀಸರ ಕೈಯಲ್ಲೇ ಉಳಿಯಿತು. 1961ರ ನವೆಂಬರಿನಲ್ಲಿ ಅಲ್ಲಿಂದ ಹಾರಿದ ಗುಂಡಿಗೆ ಮೀನುಗಾರನೊಬ್ಬ ಬಲಿಯಾದನು. ಡಿಸೆಂಬರ್ 18ರಂದು ತ್ರಿಶೂಲ್ ಮತ್ತು ಮೈಸೂರು ಎಂಬ ನಮ್ಮ ಯುದ್ಧನೌಕೆಗಳ ಬೆಂಬಲದಲ್ಲಿ ನಾವಿಕರು ದ್ವೀಪದಲ್ಲಿ ಇಳಿದರು. ಏಳು ಮಂದಿ ಪ್ರಾಣ ತೆತ್ತರು. ಇಂದು ಅದು ಆಡಳಿತದ ಲೆಕ್ಕದಲ್ಲಿ ಗೋವೆಯದು, ಬಳಕೆಯಲ್ಲಿ ಕಾರವಾರದ ಕದಂಬ ನೌಕಾನೆಲೆಯದು. ಆ ನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಡಗಳನ್ನು ಬಿಟ್ಟು ಎದ್ದವು.

ಇಲ್ಲಿಯೂ ಅಂಥದೇ ಸಂಗತಿ ನಡೆದಿತ್ತು. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ, ಠಾಣೆ, ಪನವೇಲ್, ಉರಣ ಭಾಗದ 95 ಹಳ್ಳಿಗಳ ನೆಲದ ಮೇಲೆ ನವಿ ಮುಂಬಯಿಯನ್ನು ರೂಪಿಸಿತು. 1984ರ ಜನವರಿಯಲ್ಲಿ, ದಿ. ಬಾ. ಪಾಟೀಲರ ನೇತೃತ್ವದಲ್ಲಿ ನ್ಯಾಯವಾದ ಪರಿಹಾರಕ್ಕಾಗಿ ಎದ್ದ ಆಗರಿ, ಕೋಳಿ ರೈತರ ಮೇಲೆ ಉರಣದ ಕಡೆ ಗೋಲಿಬಾರ್ ನಡೆದು ಐವರು ಸತ್ತರು. ವಶಪಡಿಸಿಕೊಂಡ ಭೂಮಿಯ 12.5 ಶೇಕಡಾವನ್ನು ಅಭಿವೃದ್ಧಿಪಡಿಸಿ ಹಿಂದಿರುಗಿಸುವ ಯೋಜನೆ ಆ ಹೋರಾಟದ ಫಲ. ಸ್ವತಂತ್ರ ದೇಶದ ಚುನಾಯಿತ ಸರಕಾರವನ್ನು ಬಳುವಳಿ ಕೊಟ್ಟ ದೊರೆಗಳ ಸಾಲಿಗೆ ಸೇರಿಸುವುದು ಸರಿಯಲ್ಲ. ಇಲ್ಲಿ ಜನ ಎದ್ದು ಕೇಳಬಲ್ಲವರಾಗಿದ್ದರು, ಕೇಳಿ ಒಂದಿಷ್ಟನ್ನಾದರೂ ಪಡೆದರು; 1661ರಲ್ಲಿ ಆ ದಾರಿಯೇ ಇರಲಿಲ್ಲ. ಆದರೂ ನಕ್ಷೆಯಲ್ಲಿ ಗೆರೆ ಎಳೆದ ಮೇಲೆ ನೆಲದ ಮೇಲಿನ ಮನುಷ್ಯನನ್ನು ನೆನೆಯುವ ಹಳೆಯ ಅಭ್ಯಾಸ ಅಷ್ಟು ಬೇಗ ಬಿಟ್ಟುಹೋಗಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಕರಾವೆಯಲ್ಲಿ ಈಗಲೂ ದೋಣಿಗಳಿವೆ. ನಾವು ಕೊಂಡ ಫ್ಲ್ಯಾಟುಗಳ ಅಡಿಯಲ್ಲಿ ಯಾರ ಗದ್ದೆಯಿತ್ತು, ಯಾರ ಆಗರವಿತ್ತು ಎಂಬುದನ್ನು ಬಲ್ಲ ಹಿರಿಯರೂ ಅಲ್ಲಿದ್ದಾರೆ. ನಮ್ಮ ಬಳಗ ಇದುವರೆಗೆ ಊರಿನ ಚರಿತ್ರೆಯನ್ನು ಗ್ರಂಥಗಳಲ್ಲಿ ಹುಡುಕಿದೆ. ಮುಂದಿನ ಭಾನುವಾರಗಳಲ್ಲಿ ಆ ಹಿರಿಯರ ಬಳಿ ಕುಳಿತು ಕೇಳಿ ಬರೆದುಕೊಳ್ಳಬೇಕೆಂದಿದ್ದೇವೆ. ಅವರ ಮರಾಠಿಯಲ್ಲಿ ಖಾರ್ ಜಮೀನು, ಆಗರ, ಭರತಿ, ಓಹಟಿ ಎಂಬ ಮಾತುಗಳು ಬಂದಾಗ ಕುಮಟೆಯ ಗಜನಿಯಲ್ಲಿ ಕಗ್ಗ ಭತ್ತ ಬೆಳೆದವರ ಮಕ್ಕಳಿಗೆ ಅರ್ಥವಾಗದೆ ಇರದು.