ಕಲ್ನಾರಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವುಂಟೆ?

ಮೀಸೋಥೀಲಿಯೋಮಾ ಎಂಬುದು ಎದೆಯ ಅಪರೂಪದ ಕ್ಯಾನ್ಸರ್. ಇದು ಶ್ವಾಸಕೋಶದೊಳಗೆ ಹುಟ್ಟುವುದಲ್ಲ, ಅದನ್ನು ಆವರಿಸಿರುವ ತೆಳುವಾದ ಪೊರೆಯಲ್ಲಿ ಹುಟ್ಟುತ್ತದೆ. ಕಲ್ನಾರಿನ (ಆಸ್‌ಬೆಸ್ಟಾಸ್) ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಸೇರುವುದೇ ಇದರ ಮುಖ್ಯ ಕಾರಣ. ರೋಗ ತಲೆದೋರಲು 20ರಿಂದ 50 ವರ್ಷಗಳು ಹಿಡಿಯಬಹುದು. ದೆಹಲಿಯ ಸರ್ವೋಚ್ಚ ನ್ಯಾಯಾಲಯವು 1995ರ ತೀರ್ಪಿನಲ್ಲಿ, ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ವಿಧಿಸಿತು. ಕಲ್ನಾರಿನ ಶೀಟುಗಳನ್ನು ರಾಜಧಾನಿಯ ಸುತ್ತಮುತ್ತಲ ಶೆಡ್ಡುಗಳ ಮೇಲೆ ಇಂದಿಗೂ ಕಾಣಬಹುದು.

ಗೆಡ್ಡೆಯಿದ್ದರೆ ಕತ್ತರಿಸಿ ತೆಗೆಯಬೇಕೆಂಬುದು ಸಹಜವಾದ ಆಲೋಚನೆ. ಹಲವು ದಶಕಗಳ ಕಾಲ ಶಸ್ತ್ರವೈದ್ಯರೂ ಹಾಗೆಯೇ ನಂಬಿದ್ದರು. ಶಸ್ತ್ರಚಿಕಿತ್ಸೆಗೆ ಒಳಗಾದವರು ಹೆಚ್ಚು ಕಾಲ ಬದುಕಿದ ವರದಿಗಳೂ ಇದ್ದವು. ಆದರೆ ಅಂಥವರನ್ನು ಆರಿಸುವಾಗಲೇ ಗಟ್ಟಿಮುಟ್ಟಾದವರನ್ನು ಆರಿಸಲಾಗಿತ್ತಲ್ಲವೆ? ಅವರನ್ನು ಉಳಿಸಿದ್ದು ಶಸ್ತ್ರವೋ ಅವರ ದೇಹಬಲವೋ ಎಂದು ಆ ವರದಿಗಳಿಂದ ತಿಳಿಯುವಂತಿರಲಿಲ್ಲ. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪುಗಳಾಗಿ ಹಂಚಿ ನೋಡುವುದೊಂದೇ ಇದಕ್ಕೆ ಸರಿಯಾದ ದಾರಿ.

ಅದನ್ನು ಮೊದಲು ಮಾಡಿದ್ದು ಬ್ರಿಟನ್. 'ಮಾರ್ಸ್' ಎಂಬ ಅಧ್ಯಯನದಲ್ಲಿ ಪೊರೆಯ ಜೊತೆಗೆ ಇಡೀ ಶ್ವಾಸಕೋಶವನ್ನೇ ತೆಗೆಯುವ ವಿಧಾನವನ್ನು ಪರೀಕ್ಷಿಸಲಾಯಿತು. 2011ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶಾದಾಯಕವಾಗಿತ್ತು. ಆದರೆ ಅದರಲ್ಲಿದ್ದವರು ಕೇವಲ 50 ರೋಗಿಗಳಾದ್ದರಿಂದ ವಾದ ಮುಗಿಯಲಿಲ್ಲ. ಶ್ವಾಸಕೋಶವನ್ನು ಉಳಿಸಿ ಪೊರೆಯನ್ನು ಮಾತ್ರ ಸುಲಿದು ತೆಗೆಯುವ, ಅಗತ್ಯವಿದ್ದಲ್ಲಿ ವಪೆಯನ್ನೂ ಹೃದಯದ ಹೊರಪೊರೆಯನ್ನೂ ತೆಗೆಯುವ ವಿಧಾನದತ್ತ ಶಸ್ತ್ರವೈದ್ಯರು ಹೊರಳಿದರು.

ಆ ವಿಧಾನದ ಪರೀಕ್ಷೆಯೇ 'ಮಾರ್ಸ್-2'. 2015ರಿಂದ 2021ರವರೆಗೆ 335 ರೋಗಿಗಳು ಇದರಲ್ಲಿ ಪಾಲ್ಗೊಂಡರು. ಎಲ್ಲರಿಗೂ ಕಿಮೊಥೆರಪಿ ದೊರೆಯಿತು. ಒಂದು ಗುಂಪಿಗೆ ಅದರ ಜೊತೆಗೆ ಶಸ್ತ್ರಚಿಕಿತ್ಸೆ. 2024ರಲ್ಲಿ ಪ್ರಕಟವಾದ ವರದಿಯಂತೆ ಶಸ್ತ್ರಚಿಕಿತ್ಸೆಯ ಗುಂಪಿನ ಮಧ್ಯಮ ಬದುಕುಳಿವು 19.3 ತಿಂಗಳು, ಕಿಮೊಥೆರಪಿ ಮಾತ್ರ ಪಡೆದವರದು 24.8 ತಿಂಗಳು. ಗಂಭೀರ ತೊಡಕುಗಳೂ ಶಸ್ತ್ರಚಿಕಿತ್ಸೆಯ ಗುಂಪಿನಲ್ಲೇ ಹೆಚ್ಚು.

ಕೆಲವು ಶಸ್ತ್ರವೈದ್ಯರು ಇದನ್ನು ಒಪ್ಪಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ಸಾವುಗಳು ನುರಿತ ಕೇಂದ್ರಗಳಲ್ಲಿರುವುದಕ್ಕಿಂತ ಹೆಚ್ಚಾಗಿದ್ದವು ಎಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿರಬಹುದು. ಆದರೂ ಲಾಭವನ್ನು ಸಾಬೀತುಪಡಿಸುವ ಹೊಣೆ ಈಗ ಶಸ್ತ್ರದ ಪರ ವಾದಿಸುವವರದೇ ಎಂದು ನಮಗೆ ತೋರುತ್ತದೆ.

ದೆಹಲಿಯ ಏಮ್ಸ್‌ನಂತಹ ಆಸ್ಪತ್ರೆಗಳಿಗೆ ದೂರದೂರುಗಳಿಂದ, ಸಾಲಸೋಲ ಮಾಡಿ ಬರುವ ಕುಟುಂಬಗಳಿಗೆ ಈ ಅಂಕಿಗಳು ಬೇಕು. "ಆಪರೇಷನ್ ಇಲ್ಲ" ಎಂದು ವೈದ್ಯರು ಹೇಳಿದರೆ ಅದು ಕೈಬಿಟ್ಟ ಮಾತೆಂದು ಭಾವಿಸಬೇಕಾಗಿಲ್ಲ. 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಿವೊಲುಮಾಬ್ ಮತ್ತು ಇಪಿಲಿಮುಮಾಬ್ ಎಂಬ ರೋಗನಿರೋಧಕ ಔಷಧಿಗಳ ಜೋಡಿಯಿಂದ ಮಧ್ಯಮ ಬದುಕುಳಿವು 18.1 ತಿಂಗಳಾಯಿತು, ಕಿಮೊಥೆರಪಿಯಿಂದ 14.1 ತಿಂಗಳು. ಅಲ್ಲಿದ್ದವರು ಶಸ್ತ್ರಚಿಕಿತ್ಸೆಗೆ ಯೋಗ್ಯರಲ್ಲದ ರೋಗಿಗಳು. ಹಾಗಾಗಿ ಈ ಅಂಕಿಗಳನ್ನು ಮಾರ್ಸ್-2ರ ಅಂಕಿಗಳೊಡನೆ ಹೋಲಿಸಲಾಗದು. ಔಷಧಿಗಳ ಬೆಲೆಯೂ ದುಬಾರಿ. ಎದೆಯಲ್ಲಿ ತುಂಬಿದ ನೀರನ್ನು ತೆಗೆಯುವುದು, ಪರೀಕ್ಷೆಗಾಗಿ ಪೊರೆಯ ತುಣುಕನ್ನು ತೆಗೆಯುವುದು ಬೇರೆಯೇ ವಿಷಯ. ಇವನ್ನು ಮಾರ್ಸ್-2 ಪ್ರಶ್ನಿಸಿಲ್ಲ. ಇವುಗಳ ಅಗತ್ಯ ಮೊದಲಿನಂತೆಯೇ ಇದೆ.