ಎರಡು ಹೆರಿಗೆಗಳ ನಡುವಿನ ತಾಯಿ

ಶತಮಾನೋತ್ಸವದ ಸಂದರ್ಭದಲ್ಲಿ ಧರ್ಮಕೇಂದ್ರವೊಂದರ ಚರಿತ್ರೆಯನ್ನು ಬರೆಯಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು. ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು, ದಿನಾಂಕ, ಗುರುಗಳ ರುಜು, ಇವೆಲ್ಲವೂ ಅಲ್ಲಿ ಕ್ರಮವಾಗಿ ದೊರೆಯುತ್ತವೆ. ಒಬ್ಬಳೇ ತಾಯಿಯ ಹೆಸರು ಒಂದು ಪುಟದಲ್ಲಿ ಬಂದು, ಕೆಲವು ಪುಟಗಳ ತರುವಾಯ ಮತ್ತೊಮ್ಮೆ, ಮಗದೊಮ್ಮೆ ಬರುವುದುಂಟು. ಆದರೆ ಒಂದು ಜ್ಞಾನಸ್ನಾನಕ್ಕೂ ಮುಂದಿನದಕ್ಕೂ ನಡುವೆ ಆಕೆ ಹೇಗೆ ಬದುಕಿದಳು, ಮೈಯಲ್ಲಿ ರಕ್ತವಿತ್ತೇ, ಹೊಟ್ಟೆ ತುಂಬ ಊಟವಿತ್ತೇ ಎಂಬುದನ್ನು ಆ ಪುಸ್ತಕ ಹೇಳುವುದಿಲ್ಲ. ಆಸ್ಪತ್ರೆಯ ಪುಸ್ತಕಗಳಲ್ಲಿಯೂ ಸರಕಾರದ ಪುಸ್ತಕಗಳಲ್ಲಿಯೂ ಬಹುಕಾಲ ಹೀಗೆಯೇ ಇತ್ತು. ಗರ್ಭಿಣಿಯನ್ನು ಎಲ್ಲರೂ ಕಂಡರು. ಹೆತ್ತು ಎದ್ದವಳನ್ನು ಮರೆತರು. ಹಾಗೆ ಮರೆತುಹೋದ ಕಾಲದ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಬಯಸುತ್ತೇವೆ.

ಈ ಕಾಲದ ಮಹತ್ವವು ನಮ್ಮ ನಾಡಿನ ಹಿರಿಯರಿಗೆ ತಿಳಿಯದಿರಲಿಲ್ಲ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು, ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದು, ಹೊಟ್ಟೆಗೆ ಬಟ್ಟೆ ಕಟ್ಟುವುದು, ಬಾಣಂತಿಯ ಖಾರವನ್ನು ಕೊಡುವುದು, ಕೆಲಸಕ್ಕೆ ಕೈ ಹಚ್ಚದಂತೆ ನೋಡಿಕೊಳ್ಳುವುದು, ಇವೆಲ್ಲ ದಣಿದ ದೇಹಕ್ಕೆ ವಿಶ್ರಾಂತಿ ಬೇಕೆಂಬ ಅರಿವಿನಿಂದಲೇ ಬಂದ ಪದ್ಧತಿಗಳು. ಆದರೆ ಪಥ್ಯದ ಹೆಸರಿನಲ್ಲಿ ಸೊಪ್ಪು, ಹಣ್ಣು, ಕೊನೆಗೆ ಕುಡಿಯುವ ನೀರನ್ನು ಸಹ ಮಿತಗೊಳಿಸಿದ ಮನೆಗಳೂ ಇದ್ದವು. ಚೊಚ್ಚಲಿಗೆ ಸಿಕ್ಕ ಆರೈಕೆ ಮೂರನೆಯ ನಾಲ್ಕನೆಯ ಹೆರಿಗೆಗೆ ಸಿಗುತ್ತಿರಲಿಲ್ಲ. ದಿನಗೂಲಿಯಿಂದ ಬದುಕುವವಳಂತೂ ಕೆಲವೇ ವಾರಗಳಲ್ಲಿ ಗದ್ದೆಗೆ ಇಳಿಯಬೇಕಾಗಿತ್ತು. ಬಾಣಂತನ ಮುಗಿಯಿತೆಂದರೆ ಆರೈಕೆಯೂ ಮುಗಿಯಿತು ಎಂಬುದೇ ಲೋಕರೂಢಿಯಾಗಿತ್ತು.

ಕಥೋಲಿಕ ಧರ್ಮಸಭೆಯ ಸೇವಾಚರಿತ್ರೆಯಲ್ಲಿ ತಾಯಂದಿರ ಆರೈಕೆಗೆ ಸುಲಭವಾಗಿ ಬಾಗಿಲು ತೆರೆಯಲಿಲ್ಲ. ಪರದೆಯೊಳಗಿನ ಸ್ತ್ರೀಯರು ಪುರುಷ ವೈದ್ಯರ ಬಳಿಗೆ ಹೋಗುತ್ತಿರಲಿಲ್ಲ. ಹೆರಿಗೆ ಮಾಡಿಸುವ ಕಾರ್ಯಕ್ಕೆ ಧರ್ಮಭಗಿನಿಯರಿಗೆ ಸಭೆಯ ನಿಯಮವೇ ಅಡ್ಡಿಯಾಗಿತ್ತು. ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್‌ರವರು ರಾವಲ್ಪಿಂಡಿಯ ಸ್ತ್ರೀಯರ ಸ್ಥಿತಿಯನ್ನು ಕಂಡು, ಈ ನಿಯಮವನ್ನು ಸಡಿಲಿಸುವಂತೆ ರೋಮಿಗೆ ಮತ್ತೆ ಮತ್ತೆ ವಿನಂತಿಸಿಕೊಂಡರು. 1913ರಲ್ಲಿ ಅವರು ತೀರಿಕೊಂಡಾಗ ಅನುಮತಿ ಇನ್ನೂ ದೊರೆತಿರಲಿಲ್ಲ. ಅವರ ಕರೆಗೆ ಓಗೊಟ್ಟು ವೈದ್ಯಕೀಯ ಕಲಿತ ಆಸ್ಟ್ರಿಯಾದ ಆನ್ನಾ ಡೆಂಗೆಲ್‌ರವರು 1925ರಲ್ಲಿ ವೈದ್ಯಕೀಯ ಸೇವೆಗೆಂದೇ ಸ್ತ್ರೀಯರ ಸಂಘವೊಂದನ್ನು ಸ್ಥಾಪಿಸಿದರು. 1936ರ ಫೆಬ್ರವರಿ 11ರಂದು ರೋಮಿನಿಂದ ಆದೇಶ ಹೊರಟ ಮೇಲೆ ಧರ್ಮಭಗಿನಿಯರು ಪ್ರಸೂತಿ ಸೇವೆಯನ್ನು ಕೈಗೊಳ್ಳುವ ಮಾರ್ಗ ಸುಗಮವಾಯಿತು.

ಅದಕ್ಕೂ ಮೊದಲೇ, 1920ರಲ್ಲಿ, ವಿಶೇಷ ಅನುಮತಿ ಪಡೆದು ಆಂಧ್ರದ ಗುಂಟೂರಿಗೆ ಬಂದವರು ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿಯವರು. ರೋಗಿಗಳಿಗೆ ಚಿಕಿತ್ಸೆ ನೀಡುವುದರ ಜೊತೆಗೆ ಅವರು ಸ್ಥಳೀಯ ಸ್ತ್ರೀಯರಿಗೆ ದಾದಿಯರಾಗಿ, ಸೂಲಗಿತ್ತಿಯರಾಗಿ ತರಬೇತಿ ಕೊಟ್ಟರು. 1943ರಲ್ಲಿ ಅವರ ಮುಂದಾಳುತನದಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘ ಹುಟ್ಟಿತು. ಅವರು 1957ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಭಾರತದಲ್ಲಿ ಕಥೋಲಿಕ ವೈದ್ಯಕೀಯ ಕಾಲೇಜು ಇರಬೇಕೆಂಬ ಅವರ ಹಂಬಲವು 1963ರಲ್ಲಿ ಅದೇ ನಗರದಲ್ಲಿ ಸಂತ ಜಾನ್‌ರ ವೈದ್ಯಕೀಯ ಕಾಲೇಜಾಗಿ ಫಲಿಸಿತು. ಇಷ್ಟಾದರೂ ಆಸ್ಪತ್ರೆಯೆಂಬುದು ತನ್ನ ಬಾಗಿಲಿಗೆ ಬಂದವರನ್ನು ಉಪಚರಿಸುವ ಸಂಸ್ಥೆ. ನೋವಿಲ್ಲದ, ಆದರೆ ರಕ್ತವಿಲ್ಲದ ತಾಯಿ ಆ ಬಾಗಿಲಿಗೆ ಬರುತ್ತಿರಲಿಲ್ಲ.

ರಕ್ತಹೀನತೆಯ ರಹಸ್ಯಗಳಲ್ಲೊಂದು ಬಯಲಾದುದು ನಮ್ಮ ದೇಶದಲ್ಲಿಯೇ ಎಂಬುದು ಸ್ಮರಣೀಯ. 1928ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಲೂಸಿ ವಿಲ್ಸ್‌ರವರು ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯ ಕಾರಣವನ್ನು ಅರಸಿದರು. ಅದು ಆಹಾರದ ಕೊರತೆಯಿಂದ ಬಂದುದೆಂದೂ, ಯೀಸ್ಟ್‌ನಿಂದ ತಯಾರಿಸಿದ ಮಾರ್ಮೈಟ್ ಎಂಬ ಅಗ್ಗದ ಪದಾರ್ಥವನ್ನು ತಿನ್ನಿಸಿದರೆ ಗುಣವಾಗುತ್ತದೆಂದೂ 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಸತ್ತ್ವವನ್ನು ಮುಂದೆ ಫೋಲಿಕ್ ಆಮ್ಲವೆಂದು ಗುರುತಿಸಲಾಯಿತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ ಆ ಹೆಸರಿಟ್ಟರು.

ಅರ್ಧ ಶತಮಾನದ ತರುವಾಯ ಈ ಕಥೆಗೆ ಮತ್ತೊಂದು ಅಧ್ಯಾಯ ಸೇರಿತು. ಬೆನ್ನುಹುರಿಯ ದೋಷವಿದ್ದ ಮಗುವನ್ನು ಒಮ್ಮೆ ಹೆತ್ತ ತಾಯಂದಿರು ಮುಂದಿನ ಗರ್ಭಕ್ಕೆ ಮುಂಚಿತವಾಗಿಯೇ ಫೋಲಿಕ್ ಆಮ್ಲವನ್ನು ಸೇವಿಸತೊಡಗಿದರೆ ಅದೇ ದೋಷ ಮರುಕಳಿಸುವ ಸಂಭವವು ಶೇಕಡಾ 72ರಷ್ಟು ತಗ್ಗುತ್ತದೆಂದು, 7 ದೇಶಗಳ 33 ಕೇಂದ್ರಗಳಲ್ಲಿ ನಡೆದ ಪರೀಕ್ಷೆಯೊಂದು 1991ರಲ್ಲಿ ತೋರಿಸಿಕೊಟ್ಟಿತು. ಶಿಶುವಿನ ಬೆನ್ನುಹುರಿಯ ನಾಳವು ಗರ್ಭ ನಿಂತ ನಾಲ್ಕು ವಾರಗಳೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಸ್ತ್ರೀಯರಿಗೆ ತಾವು ಗರ್ಭಿಣಿಯರೆಂದು ತಿಳಿಯುವ ಮೊದಲೇ ಆ ಕಾಲ ಕಳೆದುಹೋಗಿರುತ್ತದೆ. ಮುಂದಿನ ಮಗುವಿನ ಆರೋಗ್ಯದ ಸಿದ್ಧತೆಯು ಗರ್ಭಕ್ಕಿಂತ ಮೊದಲೇ ಆಗಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇಂಥ ಜ್ಞಾನವನ್ನು ಹಳ್ಳಿಯ ಮನೆಬಾಗಿಲಿಗೆ ಒಯ್ಯುವವರು ಯಾರು? 1970ರಲ್ಲಿ ವೈದ್ಯ ದಂಪತಿಗಳಾದ ರಜನಿಕಾಂತ ಮತ್ತು ಮೇಬೆಲ್ ಆರೋಳೆಯವರು ಮಹಾರಾಷ್ಟ್ರದ ಬರಪೀಡಿತ ಜಾಮಖೇಡಿನಲ್ಲಿ ಸೇವೆಗೆ ತೊಡಗಿದರು. ಅವರು ಆಯಾ ಹಳ್ಳಿಯ ಸ್ತ್ರೀಯರನ್ನೇ, ಅಕ್ಷರ ಬಾರದವರನ್ನೂ ಸಮಾಜವು ದೂರವಿರಿಸಿದ್ದ ಜಾತಿಗಳವರನ್ನೂ ಸೇರಿಸಿ, ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದರು. ನೆರೆಮನೆಯವಳು ಬಂದು ಕೇಳಿದಾಗ, ವೈದ್ಯರೆದುರು ಬಾಯಿಬಿಡದ ಸೊಸೆಯೂ ತನ್ನ ಬಾಧೆಯನ್ನು ಹೇಳಿಕೊಂಡಳು. ಈ ಕಾರ್ಯಕ್ಕಾಗಿ 1979ರಲ್ಲಿ ಆ ದಂಪತಿಗಳಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಹೇಳಿಕೊಳ್ಳಲಾಗದ ಬಾಧೆಗಳು ಎಷ್ಟಿವೆಯೆಂಬುದನ್ನು ಡಾಕ್ಟರ್ ರಾಣಿ ಬಂಗ್ ಮತ್ತು ಅವರ ಸಂಗಡಿಗರು 1989ರಲ್ಲಿ ಲೋಕಕ್ಕೆ ತಿಳಿಸಿದರು. ಅದೇ ರಾಜ್ಯದ ಗಡಚಿರೋಲಿಯ ಎರಡು ಹಳ್ಳಿಗಳ 650 ಸ್ತ್ರೀಯರನ್ನು ಅವರು ಪರೀಕ್ಷಿಸಿದಾಗ ಶೇಕಡಾ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿದ್ದಿತು. ಅದಕ್ಕೆ ಮೊದಲು ಎಂದಾದರೂ ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇಕಡಾ 8 ಮಾತ್ರ.

ಸರಕಾರವೂ ಈ ಹಾದಿಯಲ್ಲಿ ಹೆಜ್ಜೆಯಿಟ್ಟಿತು. 1975ರ ಅಕ್ಟೋಬರ್ 2ರಂದು ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯು ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಿಂದ ಮೊದಲಾಗಿ, ಅಂಗನವಾಡಿಯೆಂಬ ಹೆಸರು ಮನೆಮಾತಾಯಿತು. 2005ರಲ್ಲಿ ಆಶಾ ಕಾರ್ಯಕರ್ತೆಯರ ನೇಮಕವಾಯಿತು. ಇದರ ಫಲ ಕಣ್ಣಿಗೆ ಕಾಣುವಂತಿದೆ. ಕರ್ನಾಟಕದಲ್ಲಿ 2004–06ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರೆ, 2018–20ರ ವೇಳೆಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವಯಸ್ಸಿನ ನಮ್ಮ ಸ್ತ್ರೀಯರಲ್ಲಿ ರಕ್ತಹೀನತೆಯು 2015–16ರಲ್ಲಿ ಶೇಕಡಾ 44.8 ಇದ್ದುದು 2019–20ರಲ್ಲಿ 47.8ಕ್ಕೆ ಏರಿತ್ತು. ಹೆರಿಗೆಯ ಗಳಿಗೆಯನ್ನು ಸುರಕ್ಷಿತಗೊಳಿಸಿದ ನಾವು ಹೆರಿಗೆಗಳ ನಡುವಿನ ವರ್ಷಗಳನ್ನು ಅಷ್ಟೇ ಕಾಳಜಿಯಿಂದ ನೋಡಲಿಲ್ಲವೆಂಬುದಕ್ಕೆ ಈ ಎರಡು ಲೆಕ್ಕಗಳೇ ಸಾಕ್ಷಿ.

ಆಶಾ ಕಾರ್ಯಕರ್ತೆಯು ಬಾಣಂತಿಯ ಮನೆಗೆ 42 ದಿನಗಳವರೆಗೆ ಭೇಟಿ ಕೊಡುತ್ತಾಳೆ. 2018ರಿಂದ ಜಾರಿಗೆ ಬಂದ ಕ್ರಮದಂತೆ ಮಗುವಿಗೆ 3 ತಿಂಗಳಾದಂದಿನಿಂದ 15 ತಿಂಗಳವರೆಗೆ ಮತ್ತೆ ಐದು ಭೇಟಿಗಳುಂಟು. ಅಲ್ಲಿ ಮುಖ್ಯ ಗಮನ ಮಗುವಿನ ಮೇಲೆ. ಅದೇ ಭೇಟಿಯಲ್ಲಿ ತಾಯಿಯನ್ನೂ ನಾಲ್ಕು ಮಾತು ಕೇಳಿದರೆ ಎಷ್ಟೋ ಜೀವಗಳು ಉಳಿದಾವು. ಹೆರಿಗೆಯ ನಂತರ 180 ದಿನ ತೆಗೆದುಕೊಳ್ಳಬೇಕಾದ ಕಬ್ಬಿಣದ ಮಾತ್ರೆಯನ್ನು ನುಂಗುತ್ತಿದ್ದಾಳೆಯೇ? ಗರ್ಭಿಣಿಯಾಗಿದ್ದಾಗ ರಕ್ತದೊತ್ತಡ ಏರಿದ್ದರೆ ಅದು ಇಳಿದಿದೆಯೇ? ಸಕ್ಕರೆ ಕಾಯಿಲೆ ಕಾಣಿಸಿದ್ದರೆ ಆರು ವಾರಗಳ ಬಳಿಕ ಪರೀಕ್ಷೆ ಮಾಡಿಸಿದಳೇ? ಗರ್ಭಕೋಶ ಜಾರಿದ ಬಾಧೆಯನ್ನು ಬಚ್ಚಿಟ್ಟುಕೊಂಡಿದ್ದಾಳೆಯೇ? ಮಗುವನ್ನು ಕಳೆದುಕೊಂಡು ಮಂಕಾಗಿ ಕುಳಿತಿದ್ದಾಳೆಯೇ?

ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರವಿರಬೇಕೆಂದೂ, ಗರ್ಭಪಾತವಾದರೆ ಕನಿಷ್ಠ 6 ತಿಂಗಳು ಕಾಯಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಸೇರಿಸಿದ ತಜ್ಞರ ಸಭೆ ಸಲಹೆಯಿತ್ತಿದೆ. ಗರ್ಭಕ್ಕೂ ಮೊಲೆಹಾಲಿಗೂ ಸವೆದ ದೇಹವು ಕಬ್ಬಿಣವನ್ನೂ ಫೋಲಿಕ್ ಆಮ್ಲವನ್ನೂ ಮರಳಿ ತುಂಬಿಕೊಳ್ಳಲು ಕಾಲಾವಕಾಶ ಬೇಕು. ರಕ್ತಹೀನಳಾದ ತಾಯಿಗೆ ಹೆರಿಗೆಯ ಅಲ್ಪ ರಕ್ತಸ್ರಾವವೂ ಮಾರಕವಾಗಬಲ್ಲುದು. ಜಗದ್ಗುರು ಆರನೆಯ ಪೌಲರು 1968ರ ‘ಹುಮಾನೇ ವೀಟೇ’ ವಿಶ್ವಪತ್ರದಲ್ಲಿ, ಜನನಗಳ ನಡುವೆ ಅಂತರವಿರಿಸಲು ಸಕಾರಣವಿದ್ದಾಗ ಪ್ರಕೃತಿಸಹಜವಾದ ಕಾಲಚಕ್ರವನ್ನು ಅನುಸರಿಸಬಹುದೆಂದು ತಿಳಿಸಿ, ಜವಾಬ್ದಾರಿಯನ್ನು ಪತಿಪತ್ನಿಯರಿಬ್ಬರ ಮೇಲೂ ಇರಿಸಿದ್ದಾರೆ. ಆದುದರಿಂದ ಇದು ಹೆಂಗಸರ ವಿಷಯವೆಂದು ಗಂಡಸರು ಎದ್ದುಹೋಗುವಂತಿಲ್ಲ.

ಪ್ರಿಯ ವಾಚಕರೇ, ಆಸ್ಪತ್ರೆಗಳನ್ನು ಕಟ್ಟಿದವರ ಹೆಸರುಗಳನ್ನು ನಾವು ಶತಮಾನೋತ್ಸವಗಳಲ್ಲಿ ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅವರು ಆರಂಭಿಸಿದ ಕಾರ್ಯದಲ್ಲಿ ಉಳಿದಿರುವ ಭಾಗಕ್ಕೆ ಹೊಸ ಕಟ್ಟಡ ಬೇಕಿಲ್ಲ. ಪ್ರತಿ ವಾಳೆಯಲ್ಲಿಯೂ ಇಬ್ಬರು ಅನುಭವಸ್ಥ ತಾಯಂದಿರು ಆಶಾ ಕಾರ್ಯಕರ್ತೆಯ ಜೊತೆಗೂಡಿ, ಎರಡು ವರ್ಷದೊಳಗಿನ ಮಗುವಿರುವ ಮನೆಗಳಿಗೆ ತಿಂಗಳಿಗೊಮ್ಮೆ ಹೋಗಿ ಬಂದರೆ ಸಾಕು. ಅವರು ಮಗುವನ್ನು ಎತ್ತಿ ಆಡಿಸಿದ ಮೇಲೆ ತಾಯಿಯ ಕಡೆಗೆ ತಿರುಗಿ, ‘ನೀನು ಹೇಗಿದ್ದೀಯಮ್ಮಾ?’ ಎಂದು ಕೇಳಲಿ. ಉತ್ತರ ಬರುವವರೆಗೆ ಕುಳಿತಿರಲಿ.